ಉಪವಾಸದಲ್ಲಿ ನುಂಗದೆ ಬಿಟ್ಟ ಎರಡು ಮಾತ್ರೆಗಳಿಗೆ ಬಹಿರಂಗ ಮನವಿ

ಮಾನ್ಯ ಗರ್ಭನಿರೋಧಕ ಮಾತ್ರೆಗಳವರೇ,

ಬಚ್ಚಲಮನೆಯ ಗೂಡಿನಲ್ಲಿ, ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿ, ಬೆಳ್ಳಿ ಬಣ್ಣದ ಹಾಳೆ ಹೊದ್ದು ಕುಳಿತು, ಸಂಬಳವಿಲ್ಲದೆ ರಜೆಯಿಲ್ಲದೆ ನನ್ನ ಕೆಲಸವನ್ನು ಕಾಪಾಡುತ್ತ ಬಂದಿರುವ ತಮಗೆ ಮೊದಲು ನನ್ನ ನಮಸ್ಕಾರ, ಆಮೇಲೆ ಕ್ಷಮಾಪಣೆ, ಅದರ ಬೆನ್ನಿಗೇ ತಕರಾರು. ಕಾರ್ಖಾನೆಯ ಮ್ಯಾನೇಜರಿಗೆ ಬರೆಯುವಾಗ ನಾನು ನೇರವಾಗಿ ತಕರಾರಿಗೇ ಇಳಿಯುತ್ತೇನೆ. ಇಲ್ಲಿ ತಪ್ಪು ನನ್ನದೇ ಆದ್ದರಿಂದ ಇಷ್ಟು ಮರ್ಯಾದೆ.

ತಮಗೆ ಗೊತ್ತಿರುವಂತೆ ನಾನು ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಗುತ್ತಿಗೆ ಕೆಲಸದವಳು. ಘೋಷಣೆ ಕೂಗಲು ಮೈಕು ಬೇಕಾಗದ್ದರಿಂದ ಜೊತೆಯ ಹೆಂಗಸರು ನನ್ನನ್ನು ಮೈಕಕ್ಕ ಎನ್ನುತ್ತಾರೆ. ನಮ್ಮಲ್ಲಿ ಗುತ್ತಿಗೆಯವಳ ಹೊಟ್ಟೆ ಮುಂದೆ ಬಂದರೆ ಅವಳ ಹೆಸರು ಹಾಜರಿಯಿಂದ ಹಿಂದೆ ಸರಿಯುತ್ತದೆ. ಇದನ್ನು ಧಿಕ್ಕರಿಸಿ, ಗುತ್ತಿಗೆಯವರಿಗೂ ಸಂಬಳ ಸಹಿತ ಹೆರಿಗೆ ರಜೆ ಬೇಕೆಂದು ನಾವು ಗೇಟಿನ ಮುಂದೆ ಸರದಿ ಉಪವಾಸ ಕುಳಿತೆವು. ಪ್ರತಿಜ್ಞೆ ಬರೆದವಳು ನಾನೇ: "ನನ್ನ ಸರದಿ ಮುಗಿಯುವವರೆಗೆ ನೀರಲ್ಲದೆ ಬೇರೆ ಏನೂ ನನ್ನ ಗಂಟಲಿಗೆ ಇಳಿಯದು."

ನನ್ನ ಸರದಿಯ ಬೆಳಿಗ್ಗೆ ಒಂದು ಕೈಯಲ್ಲಿ ತಾವು, ಇನ್ನೊಂದು ಕೈಯಲ್ಲಿ ಲೋಟ. ಆಗ ನನ್ನೊಳಗಿನ ನಾಯಕಿ ಎದ್ದು ನಿಂತಳು. ಮಾತ್ರೆ ನೀರಲ್ಲ. ಏನೋ ನುಂಗಿಕೊಂಡು ಬಂದು ಉಪವಾಸದ ನಾಟಕ ಆಡುತ್ತಿದ್ದಾಳೆಂದು ಸೂಪರ್‌ವೈಸರ್ ನಕ್ಕರೆ ಸಂಘಟನೆಯ ಮಾನವೇನು? ಸೂಪರ್‌ವೈಸರ್ ನನ್ನ ಬಚ್ಚಲಿನೊಳಗೆ ಇರಲಿಲ್ಲ ಎಂಬ ಸಣ್ಣ ಸಂಗತಿ ನನಗೆ ಹೊಳೆಯಲೇ ಇಲ್ಲ. ತಮ್ಮನ್ನು ಗೂಡಿನಲ್ಲಿಟ್ಟು ಎದೆಯುಬ್ಬಿಸಿ ನಡೆದೆ. ಮರುದಿನ ಕೂರಬೇಕಿದ್ದ ಗುಂಡಿ ವಿಭಾಗದ ತಂಗಿಯ ಮಗುವಿಗೆ ಜ್ವರ ಬಂದಾಗ, ನಾನಿದ್ದೇನೆ ಬಿಡಮ್ಮ ಎಂದು ಅವಳ ಸರದಿಯನ್ನೂ ಹೊತ್ತೆ, ತಮ್ಮಲ್ಲಿ ಇನ್ನೊಬ್ಬರನ್ನೂ ಹಾಗೇ ಬಿಟ್ಟೆ. ಹೆರಿಗೆ ರಜೆಗಾಗಿ ಉಪವಾಸ ಕೂತು, ಅದೇ ಉಪವಾಸದಿಂದ ಹೆರಿಗೆಗೂ ದಾರಿ ಮಾಡಿಕೊಡುವಷ್ಟು ನಿಷ್ಠೆ ನಮ್ಮ ಚಳವಳಿಯಲ್ಲಿ ಇನ್ನಾರಿಗೂ ಇಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ.

ಆ ಎರಡನೇ ದಿನದ ಸಂಜೆ ಆಡಳಿತದವರು ಮಾತುಕತೆಗೆ ಕರೆದರು. ಕರೆದರು ಅಷ್ಟೇ, ಏನನ್ನೂ ಕೊಡಲಿಲ್ಲ. ಆದರೆ ಹಣ್ಣಿನ ರಸ ಕುಡಿದು ಮನೆಗೆ ಬಂದ ನನಗೂ, ಬಸ್ ಓಡಿಸುವ, ಅದೇ ಸಂಘಟನೆಯಲ್ಲಿ ಭಾಷಣ ಮಾಡುವ ನನ್ನ ಗಂಡನಿಗೂ ಜಗತ್ತನ್ನೇ ಗೆದ್ದ ಉಮೇದು. ಮಕ್ಕಳಿಬ್ಬರೂ ಅಜ್ಜಿ ಮನೆಯಲ್ಲಿದ್ದರು. ಇನ್ನು ಹೆಚ್ಚು ವಿವರ ತಮಗೆ ಬೇಡ.

ಬೆಳಿಗ್ಗೆ ಬ್ರಷ್ಷಿಗೆ ಕೈಹಾಕಿದಾಗ, ಈಗಷ್ಟೇ ಶುರುವಾಗಿದ್ದ ಹೊಸ ಹಾಳೆಯ ಮೊದಲ ಸಾಲಿನಲ್ಲೇ ತಾವಿಬ್ಬರೂ ಒಡೆಯದ ಗುಳ್ಳೆಗಳಾಗಿ ನನ್ನನ್ನು ದಿಟ್ಟಿಸುತ್ತಿದ್ದಿರಿ. ಬಾಕಿ ಚುಕ್ತಾ ಮಾಡುವವಳಂತೆ ಎಲ್ಲವನ್ನೂ ಒಟ್ಟಿಗೆ ನುಂಗಲು ಹೊರಟವಳು, ನಾಲ್ಕು ಮಡಿಕೆಯ ತಮ್ಮ ಸೂಚನಾ ಪತ್ರವನ್ನು ಜೀವನದಲ್ಲಿ ಮೊದಲ ಬಾರಿ ಬಿಡಿಸಿದೆ. ಸಹಿ ಹಾಕುವ ಮುಂಚೆ ಓದ್ರೇ ಎಂದು ಊರಿಗೆಲ್ಲ ಬೈಯುವವಳು ನಾನು! ಅಕ್ಷರಗಳು ಇರುವೆಗಿಂತ ಚಿಕ್ಕವು. ಚಪ್ಪಲಿ ಮೆಟ್ಟಿ ಡಾಕ್ಟರಮ್ಮನ ಬಳಿಗೆ ಓಡಿದೆ.

ಉಪವಾಸಕ್ಕೂ ಮಾತ್ರೆಗೂ ಏನಮ್ಮಾ ಸಂಬಂಧ, ನೀರು ಕುಡೀತಿದ್ದೆ ತಾನೇ, ಜೊತೆಗೆ ಇದನ್ನೂ ಇಳಿಸೋಕೆ ಏನಾಗಿತ್ತು ಎಂದು ಅವರು ಮೊದಲು ಉಗಿದರು. ಆಮೇಲೆ ಬಿಡಿಸಿ ಹೇಳಿದರು. ಒಂದೇ ಮಾತ್ರೆ ತಪ್ಪಿದ್ದರೆ ನೆನಪಾದ ಕೂಡಲೇ ಅದನ್ನು ನುಂಗಿ, ಮುಂದಿನದನ್ನು ಅದರ ಹೊತ್ತಿಗೆ ತೆಗೆದುಕೊಂಡರೆ ಸಾಕಿತ್ತಂತೆ. ಎರಡು ತಪ್ಪಿದ್ದರಿಂದ ಕೊನೆಗೆ ತಪ್ಪಿದ್ದನ್ನು ಈಗಲೇ ನುಂಗಬೇಕು, ಅದಕ್ಕೂ ಹಿಂದಿನದನ್ನು ಬಿಟ್ಟುಬಿಡಬೇಕು, ಇವತ್ತಿನದನ್ನು ಎಂದಿನಂತೆ ತೆಗೆದುಕೊಳ್ಳಬೇಕು, ಮುಂದಿನ ಏಳು ದಿನ ಕಾಂಡೋಮ್ ಇಲ್ಲದೆ ಹತ್ತಿರ ಸೇರಕೂಡದು. ಹಾಳೆಯ ಮೊದಲ ವಾರದಲ್ಲೇ ತಪ್ಪಿ, ಗಂಡ ಹೆಂಡತಿ ಸೇರಿಯೂ ಆಗಿರುವುದರಿಂದ ತುರ್ತು ಮಾತ್ರೆಯನ್ನೂ ಕೊಡುತ್ತೇನೆ, ಬೇಗ ಬಂದದ್ದು ಒಳ್ಳೆಯದಾಯಿತು, ಆದರೆ ಇದೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ, ಮೂರು ವಾರ ಬಿಟ್ಟು ಪರೀಕ್ಷೆ ಮಾಡಿಕೋ ಎಂದರು. ಸಾವಿರ ಜನರ ಮುಂದೆ ಗುಡುಗುವ ನನ್ನ ಗಂಡ ಮೆಡಿಕಲ್ ಶಾಪಿನಲ್ಲಿ ಕಾಂಡೋಮ್ ಕೇಳಿದ್ದು ಪಿಸುಮಾತಿನಲ್ಲಿ. ಅಂಗಡಿಯವನು ಏನು ಸಾರ್ ಎಂದದ್ದಕ್ಕೆ ಕೆಮ್ಮಿನ ಔಷಧಿ ತಂದರು. ಕೊನೆಗೆ ನಾನೇ ಹೋಗಿ ತಂದೆ.

ಈಗ ಮೂರು ವಾರದ ಕಾಯುವಿಕೆಯ ಕೊನೆಯಲ್ಲಿದ್ದೇನೆ. ಹೊಲಿಗೆಯ ನಡುವೆ ಒಂದು ಕಾಲರಿಗೆ ಎರಡು ಸಲ ಹೊಲಿಗೆ ಹಾಕಿ ಬೈಸಿಕೊಂಡಿದ್ದೇನೆ. ಈ ಗುತ್ತಿಗೆ ತಪ್ಪಿದರೆ ನನಗೆ ಇನ್ನೊಂದು ಗೇಟು ತೆರೆಯುವುದಿಲ್ಲ, ಇರುವ ಇಬ್ಬರ ಶಾಲೆಯೂ ನಿಲ್ಲುತ್ತದೆ. ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳು. ಪಾಳಿಯ ಸೈರನ್ನಿನ ಹಾಗೆ ತಾವೂ ದಿನಾ ಬೆಳಿಗ್ಗೆ ಕೂಗಬೇಕು. ನಾಯಕಿಯಾಗಲು ಹೊರಟ ಹೆಂಗಸಿನ ಕೆನ್ನೆಗೆ ಗೂಡಿನಿಂದಲೇ ಒಂದು ಬಾರಿಸಬೇಕು. ಮುಷ್ಕರ, ಬಂದ್, ಧರಣಿಯ ದಿನಗಳನ್ನು ಹಾಜರಿ ಎಂದೇ ಪರಿಗಣಿಸಬೇಕು. ಯಾವ ಮ್ಯಾನೇಜರಿಗೂ ಹೆದರದ ನಾನು, ಸಾಸಿವೆಗಿಂತ ತುಸು ದೊಡ್ಡವರಾದ ತಮ್ಮ ಮುಂದೆ ಕೈಮುಗಿದು ನಿಂತಿದ್ದೇನೆಂಬುದನ್ನು ದಯವಿಟ್ಟು ನಮ್ಮ ಸದಸ್ಯರಿಗೆ ತಿಳಿಸಬೇಡಿ.

ಎರಡು ದಿನ ದ್ರೋಹ ಬಗೆದರೂ ಇನ್ನುಳಿದ ದಿನಗಳಿಗೆ ತಮ್ಮ ವಿಶ್ವಾಸಿ,
ಮೈಕಕ್ಕ

ತಾ.ಕ.: ಇವತ್ತು ಪರೀಕ್ಷೆ ಮಾಡಿಕೊಂಡೆ. ಏನೂ ಇಲ್ಲ. ಬಚ್ಚಲಿನ ನೆಲದಲ್ಲಿ ಕೂತು ಅತ್ತುಬಿಟ್ಟೆ. ಹೊರಗಿನಿಂದ ಗಂಡ, ಅಬ್ಬಾ, ಬಚಾವಾದ್ವಿ ಕಣೇ ಎಂದರು. ಬಾಗಿಲು ತೆಗೆದು, ಗಂಡಸರಿಗೂ ಒಂದು ಚಿಕ್ಕ ಆಪರೇಷನ್ ಇದೆಯಂತೆ, ಅದೇ ದಿನ ಮನೆಗೆ ಕಳಿಸುತ್ತಾರಂತೆ ಎಂದೆ. ತಾತ್ವಿಕವಾಗಿ ನನ್ನ ಒಪ್ಪಿಗೆ ಇದೆ, ಸ್ವಲ್ಪ ಕಾಲಾವಕಾಶ ಬೇಕು ಎಂದರು. ಗೇಟಿನ ಆಚೆ ನಮ್ಮ ಮ್ಯಾನೇಜರು ಹೇಳಿದ್ದೂ ಇದನ್ನೇ, ಇದೇ ಮಾತುಗಳಲ್ಲಿ. ಆದ್ದರಿಂದ ಎರಡೂ ಕಡೆಯ ಮಾತುಕತೆ ಮುಗಿಯುವವರೆಗೆ ತಾವು ದಯವಿಟ್ಟು ನಿವೃತ್ತಿಯ ಯೋಚನೆ ಮಾಡಬಾರದು.