ಒಂದೇ ಮಿಷನ್ನಿನ ಪ್ರೋಗ್ರಾಂ

ಕಂಪ್ಯೂಟರ್ ಕೆಲಸದವನಿಗೆ ನಗು ಬರುವ ಪ್ರಸಂಗಗಳು ಎದುರಾಗುವುದು ಹೆಚ್ಚಾಗಿ ಬೇರೆ ಯಾರೋ ಸಂಕಟದಲ್ಲಿರುವ ಹೊತ್ತಿನಲ್ಲಿ. ಹಾಗಾಗಿ ಅಲ್ಲೇ ನಗಲಿಕ್ಕಾಗುವುದಿಲ್ಲ. ಬೈಕ್ ಹತ್ತಿ ಒಂದೆರಡು ಕಿಲೋಮೀಟರ್ ಬಂದ ಮೇಲೆ ನಗಬೇಕು. ಕೆಲವು ಸಲ ಅಷ್ಟು ದೂರ ಬಂದರೂ ನಗು ಬರುವುದಿಲ್ಲ.

ನನ್ನ ಅಂಗಡಿ ಪುತ್ತೂರಿನಲ್ಲಿ. ಇಲ್ಲಿ ಹೇಳುವುದೆಲ್ಲ ಕಡಬದ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಮಿನದ್ದು. ಅಲ್ಲಿ ಇದ್ದದ್ದು ವಯಸ್ಸಾದ ಒಬ್ಬರು ಡಾಕ್ಟ್ರು, ಒಬ್ಬರು ಸಿಸ್ಟರ್, ಮತ್ತೆ ರೋಗಿಗಳ ವಿವರ ಇಡಲಿಕ್ಕೆ ನಾನು ಬರೆದುಕೊಟ್ಟ ಪ್ರೋಗ್ರಾಂ. ಮೂವರಲ್ಲಿ ತಪ್ಪು ಯಾವಾಗಲೂ ಮೂರನೆಯದ್ದೇ.

೧. ಹೋಗುದು ಎಲ್ಲಿಗೆ

ಆ ಪ್ರೋಗ್ರಾಂ ಬರೆಯುವಾಗ ನಾನು ಡಿಪ್ಲೊಮಾ ಮುಗಿಸಿದ ಹೊಸತು. ಮಂಗಳೂರಿನಲ್ಲಿದ್ದ ನನ್ನ ಗೆಳೆಯನೊಬ್ಬ ಬುದ್ಧಿ ಹೇಳಿದ್ದ. ತಾರೀಕು ಹೀಗೆ ಬರೆಯಬೇಕು, ಅಕ್ಷರ ಹೀಗೆ, ಹೌದು-ಅಲ್ಲ ಎನ್ನುವುದನ್ನು ಹೀಗೆ ಎಂದು ಎಲ್ಲರೂ ಒಪ್ಪಿದ ನಿಯಮಗಳಿವೆ. ಅವುಗಳ ಪ್ರಕಾರ ಬರೆದರೆ ಯಾವ ಕಂಪ್ಯೂಟರಿನಲ್ಲಾದರೂ ಓಡುತ್ತದೆ, ಇಲ್ಲದಿದ್ದರೆ ಆ ಒಂದು ಮಿಷನ್ನಿಗೇ ಅಂಟಿಕೊಳ್ಳುತ್ತದೆ ಎಂದ. ನಾನು ಕೇಳಲಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಇದು ನಡೆಯುತ್ತದಾ ಎಂದು ಡಾಕ್ಟ್ರೂ ಕೇಳಿದ್ದರು.

"ಇಲ್ಲಿ ಇರುದೇ ಒಂದು ಮಿಷನ್ ಡಾಕ್ಟ್ರೆ. ಇದನ್ನು ಬಿಟ್ಟು ಹೋಗುದು ಎಲ್ಲಿಗೆ?" ಎಂದಿದ್ದೆ.

ಹದಿನಾರು ವರ್ಷ ಓಡಿತು. ಒಂದು ಮಧ್ಯಾಹ್ನ ಸಿಡಿಲು ಟೆಲಿಫೋನ್ ಲೈನಿನಲ್ಲಿ ಇಳಿದು ಕಂಪ್ಯೂಟರ್, ಪ್ರಿಂಟರ್ ಎರಡನ್ನೂ ಸುಟ್ಟಿತು. ಸಿಸ್ಟರ್ ವಾರಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿಡುತ್ತಿದ್ದರಿಂದ ರೋಗಿಗಳ ವಿವರ ಮಾತ್ರ ಉಳಿಯಿತು. ಡಾಕ್ಟ್ರು ಫೋನ್ ಮಾಡಿದರು. ಸಿಟ್ಟು ಏನೂ ಇರಲಿಲ್ಲ.

"ಹೋಗುದು ಎಲ್ಲಿಗೆ ಅಂತ ಕೇಳಿದ್ದಿಯಲ್ಲ ಮಾರಾಯ, ಹೋಯ್ತು."

೨. ಹುಟ್ಟದ ಅಮ್ಮಚ್ಚಿ

ಹೊಸ ಕಂಪ್ಯೂಟರ್, ಪ್ರಿಂಟರ್ ತಂದು, ನನ್ನಲ್ಲಿದ್ದ ಹಳೆಯ ಪ್ರೋಗ್ರಾಮಿನ ಪ್ರತಿಯನ್ನು ಹೇಗೋ ಅದರಲ್ಲಿ ಎಬ್ಬಿಸಿದೆ. ಮೂರನೇ ದಿನ ನೆಲ್ಯಾಡಿ ಕಡೆಯ ರಬ್ಬರ್ ತೋಟದ ಅಮ್ಮಚ್ಚಿ ಬಂದರು. ಕೇರಳದಿಂದ ಬಂದು ನೆಲೆಸಿದ ಮನೆಯವರು, ಅವರಲ್ಲಿ ಅಮ್ಮಚ್ಚಿ ಎಂದರೆ ಹಿರಿಯ ಅಮ್ಮ. ಕಾಲು ಬಾತು, ಏದುಸಿರು ಬಿಡುತ್ತಿದ್ದರು. ಡಾಕ್ಟ್ರು ಔಷಧದ ಹೆಸರು ಒತ್ತಿದರೆ ಮಾತ್ರೆಯೋ ಸಿರಪ್ಪೋ, ಎಷ್ಟು ಎಂಬುದನ್ನು ವಯಸ್ಸು ನೋಡಿ ಪ್ರೋಗ್ರಾಮೇ ಹಾಕುತ್ತಿತ್ತು. ಕಂಪ್ಯೂಟರ್ ಅವರ ಚೀಟಿ ಮುದ್ರಿಸಿತು: ಸಿರಪ್, ಅರ್ಧ ಚಮಚ. ಕೆಳಗೆ, ಪೋಲಿಯೋ ಹನಿ ತಪ್ಪಿಸಬೇಡಿ ಎಂಬ ಸೂಚನೆ.

ಚೀಟಿಯನ್ನು ಕೈಗೆ ಕೊಡುವ ಮೊದಲು ಸಿಸ್ಟರ್ ಓದಿದ್ದು ನಮ್ಮ ಪುಣ್ಯ. ನಾನು ಜಾಗ ಉಳಿಸಲಿಕ್ಕೆಂದು ಹುಟ್ಟಿದ ವರ್ಷದ ಕೊನೆಯ ಎರಡು ಅಂಕೆ ಮಾತ್ರ ಇಟ್ಟಿದ್ದೆ. ಹಳೆಯ ಮಿಷನ್ ಮೂವತ್ತೆಂಟನ್ನು ಸಾವಿರದ ಒಂಬೈನೂರ ಮೂವತ್ತೆಂಟು ಎಂದು ಓದುತ್ತಿತ್ತು. ಹೊಸತು ಎರಡು ಸಾವಿರದ ಮೂವತ್ತೆಂಟು ಎಂದು ಓದಿತು. ಅಮ್ಮಚ್ಚಿಯ ವಯಸ್ಸು ಸೊನ್ನೆಗಿಂತ ಕೆಳಗೆ ಹೋಗಿ, ಅವರು ಐದು ವರ್ಷದೊಳಗಿನ ಮಕ್ಕಳ ಸಾಲಿಗೆ ಸೇರಿದ್ದರು. ಡಾಕ್ಟ್ರು ಚೀಟಿಯನ್ನು ಹರಿದು ಪೆನ್ನು ತೆಗೆದುಕೊಂಡು ಬರೆದರು.

ಅಮ್ಮಚ್ಚಿ ಆಮೇಲೆ ಬದುಕಿದ್ದು ಎರಡೇ ತಿಂಗಳು. ಅವರಿಗೆ ಅವತ್ತು ಸಿಸ್ಟರ್ ಮಲಯಾಳದಲ್ಲಿ ವಿಷಯ ವಿವರಿಸಿದ್ದರು, ಕಂಪ್ಯೂಟರ್ ಪ್ರಕಾರ ನೀವಿನ್ನೂ ಹುಟ್ಟಲಿಲ್ಲ ಎಂದು. ಅಮ್ಮಚ್ಚಿ ಉಸಿರು ಎಳೆದುಕೊಂಡು ಕೊಟ್ಟ ಉತ್ತರವನ್ನು ಸಿಸ್ಟರ್ ಸಾವಿನ ಮನೆಯಲ್ಲೂ ಹೇಳಿ ಅತ್ತರು, ನಕ್ಕರು.

"ಹಾಗಾದ್ರೆ ಈ ಸಲ ಮದುವೆಗೆ ಹುಡುಗನನ್ನು ನಾನೇ ನೋಡಿ ಒಪ್ಪುದು."

೩. ಯಾವ ದೇಶದ ಭಾಷೆ

ಮಾತ್ರೆ ತೆಗೆದುಕೊಳ್ಳುವ ಕ್ರಮವನ್ನು ನಾವು ಕನ್ನಡದಲ್ಲೇ ಕೊಡುತ್ತಿದ್ದೆವು. ಪ್ರಿಂಟರ್ ಹಾಳಾದ ಒಂದು ದಿನ ಸಿಸ್ಟರ್ ಅದನ್ನು ಗುಂಡ್ಯದ ಹತ್ತಿರದ ಮೆಡಿಕಲ್ ಶಾಪಿಗೆ ಈ-ಮೇಲ್ ಮಾಡಿದರು. ನನ್ನ ಪ್ರೋಗ್ರಾಮಿನ ಕನ್ನಡ ಫಾಂಟ್ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಅಲ್ಲಿ ಮುದ್ರಣವಾದದ್ದು ತಲೆಯ ಮೇಲೆ ಚುಕ್ಕಿ, ಕೊಂಬು ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ನಡುವೆ ಓದಲಿಕ್ಕಾಗುವುದು ಮೂರು ಎಂಬ ಅಂಕೆ ಮಾತ್ರ.

ಚೀಟಿ ಸಿಕ್ಕಿದ್ದು ಗಲ್ಫಿನಲ್ಲಿ ದುಡಿದು ಊರಿಗೆ ಬಂದಿದ್ದ ಒಬ್ಬರು ಬ್ಯಾರಿ ಸಾಹೇಬರಿಗೆ. ಸಕ್ಕರೆ ಕಾಯಿಲೆ ಅವರಿಗೆ. ಅದು ಯಾವುದೋ ಹೊರದೇಶದ ಔಷಧದ ಭಾಷೆ ಎಂದುಕೊಂಡು ಫೋಟೋ ತೆಗೆದು ದುಬೈಯಲ್ಲಿದ್ದ ಅಳಿಯನಿಗೆ ಕಳಿಸಿದರು. ಅಳಿಯ ತನ್ನ ಕೆಲಸದ ಜಾಗದ ನಾಲ್ಕೈದು ದೇಶದವರಿಗೆ ತೋರಿಸಿದ. ಯಾರಿಗೂ ತಿಳಿಯಲಿಲ್ಲ. ನಾವು ಬರೆದದ್ದು ದಿನಕ್ಕೆ ಮೂರು ಹೊತ್ತು ಒಂದೊಂದು ಎಂದು. ಕಡೆಗೆ ಇವರು ಮೂರು ಎಂದರೆ ಮೂರೂ ಮಾತ್ರೆ ಒಟ್ಟಿಗೆ ಎಂದು ತೀರ್ಮಾನಿಸಿ ನುಂಗಿ, ಸಕ್ಕರೆ ಇಳಿದು, ಜಗಲಿಯಲ್ಲೇ ಬಿದ್ದರು. ಎರಡು ದಿನ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದರು.

ನಾನು ಹೋಗಿ ಮಂಚದ ಪಕ್ಕ ನಿಂತು, ಅದು ಕನ್ನಡವೇ, ತಪ್ಪು ನನ್ನದು ಎಂದೆ. ಅವರು ದಿಂಬಿಗೆ ಒರಗಿ ಎದ್ದು ಕೂತರು.

"ಕನ್ನಡವಾ? ಮೊದಲೇ ಗೊತ್ತಿದ್ರೆ ನಾನು ಕನ್ನಡ ಕಲಿಸಿದ ಏಳನೇ ಕ್ಲಾಸಿನ ಮೇಷ್ಟ್ರ ಮೇಲಿನ ಸಿಟ್ಟಿನಲ್ಲೇ ಸಾಯ್ತಿದ್ದೆ."

೪. ಕೂಡಲೇ ಬನ್ನಿ

ಆರು ತಿಂಗಳಿಂದ ಬಾರದ ಬಿ.ಪಿ., ಶುಗರ್ ರೋಗಿಗಳಿಗೆ ಮೊಬೈಲಿನಲ್ಲಿ ನೆನಪಿನ ಸಂದೇಶ ಹೋಗುವ ಹಾಗೆ ಮಾಡಿಕೊಡು ಎಂದರು ಡಾಕ್ಟ್ರು. ಮಾಡಿದೆ. ತೀರಿಕೊಂಡವರನ್ನು ಬಿಟ್ಟು ಉಳಿದವರಿಗೆ ಕಳಿಸು ಎಂದು ಕಂಪ್ಯೂಟರಿಗೆ ಹೇಳಿದ್ದೆ. ಆದರೆ ಹಳೆಯ ಮಿಷನ್ ತೀರಿಕೊಂಡವರ ಹೆಸರಿನೆದುರು ಹೌದು ಎನ್ನಲಿಕ್ಕೆ ಮೈನಸ್ ಒಂದು ಎಂದು ಬರೆದಿತ್ತು. ಹೊಸತಕ್ಕೆ ಹೌದು ಎಂದರೆ ಬರೀ ಒಂದು. ಅದು ಒಂದನ್ನು ಹುಡುಕಿತು, ಸಿಗಲಿಲ್ಲ. ಅದರ ಪ್ರಕಾರ ಆ ಹದಿನಾರು ವರ್ಷದಲ್ಲಿ ಊರಿನಲ್ಲಿ ಯಾರೂ ಸತ್ತಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಎಲ್ಲ ಮನೆಗೂ ಸಂದೇಶ ಹೋಯಿತು: ನೀವು ಆರು ತಿಂಗಳಿಂದ ಪರೀಕ್ಷೆಗೆ ಬಂದಿಲ್ಲ, ನಿರ್ಲಕ್ಷ್ಯ ಮಾಡದೆ ಕೂಡಲೇ ಬನ್ನಿ.

ಒಂದು ಮನೆಗೆ ಅದು ಮುಟ್ಟಿದ್ದು ತಂದೆಯ ವರ್ಷಾಂತಿಕದ ದಿನವೇ. ಒಬ್ಬರು ಬೈದರು. ಒಬ್ಬ ಮಗಳು ಅತ್ತು ಫೋನ್ ಇಟ್ಟಳು. ಸಿಸ್ಟರ್ ಹೆಸರು ಓದಿದಂತೆ ನಾನು ಸಂಜೆಯವರೆಗೆ ಒಂದೊಂದೇ ಮನೆಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

ಒಂದು ನಂಬರ್ ಮಾತ್ರ ಸಿಕ್ಕಿರಲಿಲ್ಲ. ಜೀಪು ಓಡಿಸುತ್ತಿದ್ದವರೊಬ್ಬರದ್ದು, ಹೃದಯಾಘಾತದಲ್ಲಿ ಹೋಗಿ ಎರಡು ವರ್ಷವಾಗಿತ್ತು. ಮರುದಿನ ಬೆಳಿಗ್ಗೆ ಅವರ ಹೆಂಡತಿ ಗಂಡನ ಹೆಸರಿನಲ್ಲಿ ಟೋಕನ್ ತೆಗೆದು, ಸಾಲಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಬಂದರು. ನಾನು ಮೂಲೆಯಲ್ಲಿ ಕಂಪ್ಯೂಟರ್ ಬಿಚ್ಚಿಕೊಂಡಿದ್ದೆ. ನಾನು ಎದ್ದು ನಿಂತು, ತಪ್ಪಾಯಿತು ಅಮ್ಮ, ಇದೆಲ್ಲ ನನ್ನಿಂದ ಆದದ್ದು ಎಂದೆ.

ಅವರು ಸೀರೆಯ ಸೆರಗನ್ನು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಹೇಗೂ ಟೋಕನ್ ಆಗಿದೆಯಲ್ಲ, ನನ್ನ ಬಿ.ಪಿ.ಯನ್ನಾದರೂ ನೋಡಿ ಎಂದು ತೋಳು ಚಾಚಿದರು. ಡಾಕ್ಟ್ರು ಪಟ್ಟಿ ಸುತ್ತಿದರು. ಅದು ಬಿಗಿಯುತ್ತಿರುವಾಗ ಅವರು ನನ್ನ ಕಡೆ ತಿರುಗಿ ಸಮಾಧಾನದಲ್ಲೇ ಹೇಳಿದರು:

"ನೀನು ಬೇಜಾರು ಮಾಡ್ಬೇಡ ಮಗ. ಬದುಕಿದ್ದಾಗ ನಾನು ಕಾಲು ಹಿಡಿದ್ರೂ ಟೆಸ್ಟಿಗೆ ಬಾರದ ಜನ. ಈಗ ನಿನ್ನ ಮೆಸೇಜು ನೋಡಿ ಬರ್ತಾರಾ?"