ಕಚೇರಿ ಮೆಟ್ಟಿಲ ಮೇಲಿನ ಟೊಮೆಟೊ ಮನವಿಗಳ ವಿಲೇವಾರಿ ಕುರಿತು

ಬೆಲೆ ಸಮನ್ವಯ ಇಲಾಖೆ
ಸಂಖ್ಯೆ: ಬೆಸಇ/ಮೆಟ್ಟಿಲು/ಟೊ/೭

ವಿಷಯ: ಮೆಟ್ಟಿಲ ಮೇಲೆ ಸುರಿಯಲಾದ ಟೊಮೆಟೊಗಳನ್ನು ಸಿಬ್ಬಂದಿಯು ಬೇಯಿಸಿ ತಿಂದಿರುವ ಬಗ್ಗೆ.

ಉಲ್ಲೇಖ: ೧. ಬೆಳೆಗಾರರು ಸೋಮವಾರ ಸುರಿದ ಒಂದು ಲೋಡು ಟೊಮೆಟೊ.
೨. ಮಂಗಳವಾರ ಊಟದ ಹೊತ್ತಿಗೆ ಟಪಾಲು ಕೊಠಡಿಯಿಂದ ಬಂದ ಘಮ.

ಮೇಲ್ಕಂಡ ವಿಷಯವು ಇಲಾಖೆಯ ಮೂಗಿಗೆ ಬಡಿದಿರುವುದರಿಂದ, ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

೧. ತಕ್ಕ ಬೆಲೆ ಸಿಗಲಿಲ್ಲವೆಂದು ಬೆಳೆಗಾರರು ಸುರಿದ ಪ್ರತಿಯೊಂದು ಟೊಮೆಟೊವನ್ನೂ ಒಂದು ಮನವಿಯೆಂದು ಪರಿಗಣಿಸಲಾಗಿದೆ. ಮನವಿಯನ್ನು ಓದಬೇಕೇ ಹೊರತು ಹೆಚ್ಚಬಾರದು. ಹಣ್ಣಾದವನ್ನು 'ತುರ್ತು' ಎಂದೂ, ಕಾಯಿಗಳನ್ನು 'ಪರಿಶೀಲನೆಯಲ್ಲಿದೆ' ಎಂದೂ, ಕಾಲಡಿ ಸಿಕ್ಕು ಅಪ್ಪಚ್ಚಿಯಾದವನ್ನು 'ಕ್ರಮ ಜರುಗಿಸಲಾಗಿದೆ' ಎಂದೂ ನಮೂದಿಸತಕ್ಕದ್ದು.

೨. ಮನವಿಗಳನ್ನು ಡಬ್ಬಿಗೆ ತುಂಬಿಕೊಂಡು ಮನೆಗೆ ಹೋಗಿ, ಮರುದಿನ ಸಾರು ಮಾಡಿಸಿ ತಂದ ಟಪಾಲು ಗುಮಾಸ್ತರು ನೀಡಿರುವ ವಿವರಣೆ: "ಮೂಲೆ ಅಂಗಡೀಲಿ ಟೊಮೆಟೊ ರೇಟು ಕೇಳಿದ್ರೆ ತಲೆ ತಿರುಗುತ್ತೆ ಸಾರ್. ಇಲ್ಲಿ ನೋಡಿದ್ರೆ ಕಾಲಿಗೆ ತೊಡರ್ತಿದೆ. ಮನೇಲಿ ಏನಂತ ಹೇಳ್ಲಿ?" ಸದರಿ ವಿವರಣೆಯನ್ನು ಒಪ್ಪಲಾಗಿಲ್ಲ.

೩. ಬೆಳೆದವರಿಗೆ ಬೆಲೆ ಸಿಗದಿರುವುದು ಕೆಳಮಹಡಿ ಶಾಖೆಗೆ ಸೇರಿದ್ದು. ಕೊಳ್ಳುವವರಿಗೆ ಬೆಲೆ ಎಟುಕದಿರುವುದು ಮೇಲ್ಮಹಡಿ ಶಾಖೆಗೆ ಸೇರಿದ್ದು. ಎರಡೂ ಕಡೆ ಇರುವುದು ಒಂದೇ ಟೊಮೆಟೊ ಎಂಬ ವದಂತಿಯನ್ನು ಸಿಬ್ಬಂದಿ ಹಬ್ಬಿಸಬಾರದು. ಶಾಖೆಗಳ ನಡುವೆ ಇರುವುದೂ ಇದೇ ಹೊರಮೆಟ್ಟಿಲಾಗಿದ್ದು, ಅದು ರಸದಿಂದ ಜಾರುತ್ತಿರುವ ಕಾರಣ ಕಡತಗಳ ಓಡಾಟವನ್ನು ನಿಲ್ಲಿಸಲಾಗಿದೆ.

೪. ಈ ನಡುವೆ ಬುಧವಾರ, ಬೆಳೆಗಾರ್ತಿಯೊಬ್ಬರು (ಸಿಬ್ಬಂದಿಯ ಬಾಯಲ್ಲಿ 'ಟೊಮೆಟೊ ಅಕ್ಕ') ಸುರಿಯುವುದನ್ನು ಬಿಟ್ಟು, ಅದೇ ಮೆಟ್ಟಿಲ ಮೇಲೆ ತಕ್ಕಡಿ ಹಿಡಿದು ಕೂತಿರುವುದು ಕಂಡುಬಂದಿದೆ. "ಮಂಡಿಗೆ ಹಾಕಿದ್ರೆ ಕೊಯ್ದ ಕೂಲೀನೂ ಹುಟ್ಟಲ್ಲ. ಅಂಗಡಿ ರೇಟಲ್ಲಿ ಅರ್ಧ ಕೊಡಿ ಅಣ್ಣ, ನನ್ನ ತೋಟ ಉಳ್ಕೊಳ್ಳುತ್ತೆ" ಎಂದು ಅವರು ಹೇಳಿದ್ದು, ಗುಮಾಸ್ತರು ಚೌಕಾಸಿಯನ್ನೂ ಮಾಡದೆ ಚೀಲ ತುಂಬಿಸಿಕೊಂಡಿರುತ್ತಾರೆ. ಕೊಟ್ಟವರಿಗೂ ಕೊಂಡವರಿಗೂ ಒಟ್ಟಿಗೇ ಸಮಾಧಾನವಾಗಿರುವುದು ಇಲಾಖೆ ಹುಟ್ಟಿದಂದಿನಿಂದ ಇದೇ ಮೊದಲು. ಇದಕ್ಕೆ ಪೂರ್ವಾನುಮತಿ ಪಡೆದಿರುವುದಿಲ್ಲ. ಇಲಾಖೆಗೆ ತೀವ್ರ ಬೇಸರವಾಗಿದೆ.

೫. ಆದ್ದರಿಂದ ಕಚೇರಿ ಆವರಣದಲ್ಲಿ ಇಂತಹ ಸಮಾಧಾನವನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಅಕ್ಕನವರ ತಕ್ಕಡಿಯನ್ನು ದಾಸ್ತಾನು ಕೊಠಡಿಯಲ್ಲಿ ಇರಿಸಲಾಗಿದೆ. ನ್ಯಾಯವಾದ ಬೆಲೆ ಯಾವುದೆಂದು ತಿಳಿಯಲು ಸಮಿತಿಯೊಂದನ್ನು ರಚಿಸಿದ್ದು, ಸದಸ್ಯರು ಜಾರಿ ಬೀಳುವ ಸಂಭವವಿರುವುದರಿಂದ ಅದು ಸುಗ್ಗಿ ಮುಗಿದು ಮೆಟ್ಟಿಲು ಒಣಗಿದ ಮೇಲೆ ಸಭೆ ಸೇರುವುದು.

(ಸಹಿ)
ಅಧೀಕ್ಷಕರು, ಕೆಳಮಹಡಿ
(ಮೇಲ್ಮಹಡಿಯ ಹೆಚ್ಚುವರಿ ಪ್ರಭಾರದಲ್ಲಿ)

ಪ್ರತಿಗಳು:
೧. ಮೇಲ್ಮಹಡಿ ಶಾಖೆಗೆ: ಕಿಟಕಿಯಿಂದ ಹಗ್ಗ ಇಳಿಬಿಟ್ಟು ಎಳೆದುಕೊಳ್ಳಲು.
೨. ಕಾವಲುಗಾರರಿಗೆ: ಬಾಕಿ ಮನವಿಗಳ ಮೇಲೆ ನೊಣ ಕೂರದಂತೆ ನೋಡಿಕೊಳ್ಳಲು.
೩. ಸಹಿದಾರರ ಮನೆಯವರಿಗೆ: ನಿನ್ನೆ ಮೆಟ್ಟಿಲ ಬಳಿ ಕೊಂಡ ಚೀಲದ ಬಗ್ಗೆ ಅಕ್ಕಪಕ್ಕದವರ ಹತ್ತಿರ ಬಾಯಿ ಬಿಡದಿರಲು.
೪. ಟೊಮೆಟೊ ಅಕ್ಕನವರಿಗೆ: ಸಮಿತಿ ಸಭೆ ಸೇರುವವರೆಗೆ ಹಣ್ಣಾಗಕೂಡದೆಂದು ತೋಟದಲ್ಲಿ ಉಳಿದಿರುವ ಕಾಯಿಗಳಿಗೆ ತಿಳಿವಳಿಕೆ ನೀಡಲು.