ದೂರದ್ದು ಮತ್ತು ದೌಲತ್ತಿನದು

ನಮ್ಮ ಸೋದರಮಾವ ದೇವರನ್ನು ನಂಬುತ್ತಿದ್ದರು. ಆದರೆ ಪೂಜಾರಿ ಕೊಟ್ಟ ತೀರ್ಥವನ್ನು ಮೂಸಿ ನೋಡದೆ ಕುಡಿಯುತ್ತಿರಲಿಲ್ಲ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಅವರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅಂಗಡಿ ಅಂಗಡಿಗೂ ಹೋಗಿ ತಕ್ಕಡಿಯ ತಳ ಬಗ್ಗಿ ನೋಡುವುದೇ ಉದ್ಯೋಗ. ಇಪ್ಪತ್ತು ವರ್ಷ ತಕ್ಕಡಿಯ ತಳ ನೋಡಿದವನಿಗೆ ಮನುಷ್ಯರ ತಳವೂ ನೋಡಬೇಕೆನಿಸುವುದು ಸಹಜ. ಮನೆಗೆ ತಂದ ಸಕ್ಕರೆಯನ್ನು ಅವರು ಮತ್ತೆ ತೂಗುತ್ತಿದ್ದರು. ಕಡಿಮೆ ಬಂದರೆ ಅಂಗಡಿಯವನ ಮೇಲೆ ಅನುಮಾನ. ಜಾಸ್ತಿ ಬಂದರೆ? ಇನ್ನೂ ದೊಡ್ಡ ಅನುಮಾನ. "ಸುಮ್ಸುಮ್ನೆ ಯಾವನಾದ್ರೂ ಜಾಸ್ತಿ ಕೊಡ್ತಾನೇನೇ? ಏಮೋ ಉಂದಿ" ಎನ್ನುತ್ತಿದ್ದರು. ನಮ್ಮ ಕಡೆ ಮನೆಮಾತು ಕನ್ನಡವಾದರೂ ತೆಲುಗು ನಾಲಿಗೆಯ ತುದಿಯಲ್ಲೇ ಇರುತ್ತದೆ. ಮಾವ ಅದನ್ನು ಅನುಮಾನಕ್ಕೆಂದೇ ಎತ್ತಿಟ್ಟಿದ್ದರು. 'ಏನೋ ಇದೆ' ಎಂದರೆ ಬರೀ ಸಂಶಯ. 'ಏಮೋ ಉಂದಿ' ಎಂದರೆ ತನಿಖೆ ಶುರುವಾಯಿತು ಎಂದರ್ಥ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಶ್ರೀನಿವಾಸಪುರದಿಂದ ಬಂದು ಕೋಲಾರದಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಒಂದು ದಿನ ಊಟದ ನಡುವೆ ಮಾವ, "ಒಂದು ಮೋಟರ್‌ಸೈಕಲ್ ತಗೋಬೇಕು ಅಂತಿದೀನಿ" ಎಂದರು. ಅತ್ತೆ ಸಾರಿನ ಸೌಟನ್ನು ಅಲ್ಲೇ ನಿಲ್ಲಿಸಿದರು.

"ಆಫೀಸಿಗೆ ನಡ್ಕೊಂಡು ಹೋಗ್ತೀರ. ಊರೂರಿಗೆ ಬಸ್ಸಲ್ಲಿ ಹೋಗ್ತೀರ. ಇನ್ನು ಮೋಟರ್‌ಸೈಕಲ್ ಯಾತಕ್ಕೆ?"

"ತಿಂಗಳಿಗೆ ಎರಡು ಭಾನುವಾರ, ನನ್ನಿಷ್ಟದ ದಾರೀಲಿ, ನನ್ನಿಷ್ಟ ಬಂದ ಕಡೆ ನಿಲ್ಸಿ ಹೋಗಕ್ಕೆ."

ನಲವತ್ತಾರು ವರ್ಷದ ಗಂಡನಿಗೆ ಇದ್ದಕ್ಕಿದ್ದಂತೆ ತನ್ನಿಷ್ಟದ ದಾರಿ ಬೇಕೆನಿಸಿದರೆ ಹೆಂಡತಿ ಏನು ತಿಳಿದುಕೊಳ್ಳಬೇಕು? ಅತ್ತೆ ಮತ್ತೆ ಸಾರು ಬಡಿಸಿದರು. ಆದರೆ ಆ ಮನೆಯಲ್ಲಿ ಅನುಮಾನ ಪಡುವವರು ಇನ್ನು ಒಬ್ಬರಲ್ಲ, ಇಬ್ಬರು ಎಂದು ನನಗೆ ಅಂದೇ ಗೊತ್ತಾಯಿತು.

ಹೊಸ ಗಾಡಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಹಾಗಾಗಿ ಹಳೆಯದನ್ನೇ ಹುಡುಕಿದರು. ವಿಚಾರಣೆಯ ಕೊನೆಗೆ ಎರಡು ಗಾಡಿ ಉಳಿದವು. ಅವುಗಳ ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ, "ಅವರ ಹತ್ರ ಏನು ಇಸ್ಕೊಂಡೆ?" ಎಂದು ಕೇಳುವ ಜಾತಿ ನಮ್ಮ ಮಾವ. ಅವರೇ ತಮ್ಮ ನೋಟ್‌ಬುಕ್ಕಿನಲ್ಲಿ ಒಂದನ್ನು 'ದೂರದ್ದು' ಎಂದೂ ಇನ್ನೊಂದನ್ನು 'ದೌಲತ್ತಿನದು' ಎಂದೂ ಬರೆದುಕೊಂಡಿದ್ದರು. ಎರಡನ್ನೂ ನೋಡಲು ಜೊತೆಗೆ ಕರೆದುಕೊಂಡು ಹೋದದ್ದು ನನ್ನನ್ನು.

"ನನಗೆ ಗಾಡಿ ವಿಷಯ ಏನೂ ಗೊತ್ತಿಲ್ಲ ಮಾವ" ಎಂದೆ.

"ಅದಕ್ಕೇ ಕಣೇ. ಗೊತ್ತಿರೋರನ್ನ ಕರ್ಕೊಂಡು ಹೋದ್ರೆ ಅವರು ಮಾರೋನ ಜೊತೆ ಸೇರ್ಕೊಂಡಿರ್ತಾರೆ."

ಹೊರಡುವ ಮುನ್ನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಎಲ್ಲೆಲ್ಲಿ ನಿಲ್ತಾರೆ, ಯಾರ್ಯಾರನ್ನ ಮಾತಾಡಿಸ್ತಾರೆ, ನೋಡ್ಕೊಂಡು ಬಾ" ಎಂದರು. ಹೀಗೆ ನಾನು ಒಂದೇ ದಿನದಲ್ಲಿ ಮಾವನಿಗೆ ಸಾಕ್ಷಿಯೂ ಅತ್ತೆಗೆ ಗೂಢಚಾರಳೂ ಆದೆ.

ದೂರದ್ದು ಮಾಲೂರಿನಲ್ಲಿತ್ತು. ಹೆಂಚಿನ ಕಾರ್ಖಾನೆಯೊಂದರ ಮ್ಯಾನೇಜರರದ್ದು. ಮುಂದೆ ಗಾಳಿ ತಡೆಯುವ ಗಾಜು, ಎರಡೂ ಪಕ್ಕ ಬೀಗ ಹಾಕುವ ತಗಡಿನ ಪೆಟ್ಟಿಗೆ, ಹಿಂದೆ ಕ್ಯಾರಿಯರ್, ಗಬ್ಬದ ಎಮ್ಮೆಯ ಹೊಟ್ಟೆಯಂಥ ಟ್ಯಾಂಕು. ಸೀಟು ಎಷ್ಟು ಎತ್ತರವೆಂದರೆ ಮಾವ ಹತ್ತಿ ಕೂತಾಗ ಅವರ ಹೆಬ್ಬೆರಳು ಮಾತ್ರ ನೆಲ ಮುಟ್ಟಿತು.

"ಇದರಲ್ಲಿ ಕನ್ಯಾಕುಮಾರಿಗೆ ಹೋಗಿ ಬಂದಿದೀನಿ ಸಾರ್" ಎಂದರು ಮ್ಯಾನೇಜರು.

"ಅದಕ್ಕೆ ಏನು ರುಜುವಾತು?"

ಪಾಪ, ಆತ ಒಳಗೆ ಹೋಗಿ ಫೋಟೋ ತಂದರು. ಮಾವ ಅದನ್ನು ಬೆಳಕಿಗೆ ಹಿಡಿದರು. "ನೀವಿದೀರ, ಸಮುದ್ರ ಇದೆ. ಗಾಡಿ ಎಲ್ಲಿ?"

"ಗಾಡೀನ ಆ ಕಡೆ ನಿಲ್ಸಿದ್ದೆ ಸಾರ್."

"ಆ ಕಡೆ ನಿಲ್ಸಿದ್ದೆ ಅಂತ ಯಾರು ಬೇಕಾದ್ರೂ ಹೇಳಬಹುದು" ಎಂದು ಮಾವ ಫೋಟೋ ಹಿಂದಿರುಗಿಸಿದರು. ಆಮೇಲೆ ಎರಡೂ ಪೆಟ್ಟಿಗೆಗಳ ಒಳಗೆ ಕೈ ಹಾಕಿ ತಡವಿದರು. ಮೀಟರ್ ನೋಡಿ, ಓಡಿದ್ದು ಇಷ್ಟು ಕಡಿಮೆ ಹೇಗಾಯಿತು ಎಂದು ಕೇಳಿದರು. ಹೊರಟಾಗ ಮ್ಯಾನೇಜರು ಗೇಟಿನವರೆಗೂ ಬಂದು, "ಕಾಫಿನಾದ್ರೂ ಕುಡೀಬಹುದಿತ್ತು" ಎಂದರು. ಆ ಕಾಫಿಯನ್ನು ಮಾವ ಮೂಸಿ ನೋಡಿ ಹಾಗೇ ಬಿಟ್ಟಿದ್ದರು.

ದೌಲತ್ತಿನದು ಮುಳಬಾಗಿಲಿನಲ್ಲಿತ್ತು. ಅದರ ಒಡೆಯರು ಒಬ್ಬ ಟೈಲರು. ಅರವತ್ತರ ಹತ್ತಿರದ ವಯಸ್ಸು, ಬಿಳಿ ಗಡ್ಡ, ಕಸೂತಿ ಟೋಪಿ, ಬಳಿ ಹೋದರೆ ತೆಳುವಾದ ಅತ್ತರಿನ ವಾಸನೆ. ಊರಿನವರೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದರು. ಗಾಡಿಯ ಹ್ಯಾಂಡಲ್ ಟಗರಿನ ಕೊಂಬಿನಂತೆ ಅಗಲವಾಗಿ ಚಾಚಿತ್ತು. ಸೀಟು ತಗ್ಗು, ಕಾಲು ಮುಂದಕ್ಕೆ ಚಾಚಿಕೊಂಡು ಕೂರಬಹುದು. ಅದರ ಕೆಂಪು ರೆಕ್ಸಿನ್ ಕವರನ್ನು ಸಾಹೇಬರೇ ಹೊಲಿದಿದ್ದರು, ಅಂಚಿನುದ್ದಕ್ಕೂ ಎರಡು ಸಾಲು ಬಿಳಿ ದಾರ, ಒಂದು ಹೊಲಿಗೆಯೂ ಸೊಟ್ಟಗಿಲ್ಲ. ಇಂಥ ಗಾಡಿಯಲ್ಲಿ ಯಾರೂ ಎಲ್ಲಿಗೂ ಬೇಗ ಹೋಗಲಾರರು. ಹೋಗುವುದನ್ನು ಊರೆಲ್ಲ ನೋಡಬಹುದು, ಅಷ್ಟೇ.

"ಆವೋ ಬೇಟಿ, ಕೂತ್ಕೋ" ಎಂದು ಸಾಹೇಬರು ನನಗೆ ಸ್ಟೂಲು ತೋರಿಸಿದರು. ಮಾವ ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು. ಕ್ಲಚ್ಚಿನ ವೈರು ಮೂರು ವರ್ಷದ ಹಿಂದೆ ಬದಲಾಯಿಸಿದ್ದು, ಏರಿನಲ್ಲಿ ಸ್ವಲ್ಪ ಹೊಗೆ ಬರುವುದು, ಒಮ್ಮೆ ಮರಳಿನಲ್ಲಿ ಜಾರಿ ಎಡಗಡೆ ಕಾಲಿಡುವ ಕಂಬಿ ಬಗ್ಗಿದ್ದು, ಯಾವುದನ್ನೂ ಬಿಡದೆ ಹೇಳಿದರು. ಮಾರುವವನೇ ಗಾಡಿಯ ಕೊರತೆ ಹೇಳುತ್ತಾನೆಂದರೆ! ಬಸ್ಸು ಹತ್ತುವ ಮೊದಲೇ ಮಾವ ಶುರುಮಾಡಿದರು.

"ಏಮೋ ಉಂದಿ. ಚಿಕ್ಕ ಕೊರತೆ ಹೇಳೋದು ದೊಡ್ಡದನ್ನ ಮುಚ್ಚಕ್ಕೆ. ಇನ್ನೊಂದು ನೋಡಿದೇನೇ? ಆ ಮನುಷ್ಯ ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ನನ್ನ ಭುಜದ ಹಿಂದೆ ಯಾರೋ ನಿಂತಿದಾರೆ ಅನ್ನೋ ಹಾಗೆ ಮಾತಾಡ್ತಾನೆ. ಕಣ್ಣಿಗೆ ಕಣ್ಣು ಕೊಡದೋನನ್ನ ನಂಬಬಾರದು."

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎರಡನ್ನೂ ಹೋಲಿಸಿದರು. ಎಲ್ಲದರಲ್ಲೂ ದೂರದ್ದೇ ಗೆದ್ದಿತು. ಪೆಟ್ಟಿಗೆ ಇದೆ, ಬೀಗ ಇದೆ, ಗಾಳಿಗೆ ಗಾಜಿದೆ, ಓಡಿದ್ದೂ ಕಡಿಮೆ. "ತಿಂಗಳಿಗೆ ಎರಡು ಸಲ ಹೋಗೋಕೆ ಕನ್ಯಾಕುಮಾರಿ ಗಾಡಿ ಯಾಕೆ ಮಾವ?" ಎಂದು ನಾನು ಕೇಳಿದ್ದಕ್ಕೆ, "ಸಾಹೇಬ್ರು ನಿನಗೇನಾದ್ರೂ ಹೇಳಿಕೊಟ್ಟರಾ?" ಎಂದರು. ಮಾಲೂರಿಗೆ ಹೋಗಿ ಮುಗಿಸುವುದೆಂದೇ ತೀರ್ಮಾನ. ಆದರೆ ಒಂದು ಮೋಸವನ್ನು ಬಯಲಿಗೆಳೆಯದೆ ಬಿಟ್ಟರೆ ಮಾವನಿಗೆ ನಿದ್ದೆ ಬರುವುದಿಲ್ಲ. ಮುಂದಿನ ಭಾನುವಾರ ಮತ್ತೆ ಮುಳಬಾಗಿಲಿಗೇ ಹೊರಟರು, ನನ್ನನ್ನೂ ಎಳೆದುಕೊಂಡು.

ಅಂಗಡಿಯ ಮೆಟ್ಟಿಲಲ್ಲಿ ನಿಂತೇ ಕೇಳಿದರು. "ಸಾಹೇಬ್ರೇ, ನಿಜ ಹೇಳಿ. ಈ ಗಾಡೀನ ಯಾಕೆ ಮಾರ್ತಿದೀರ? ನನ್ನ ಮುಖ ನೋಡಿ ಹೇಳಿ."

ಸಾಹೇಬರು ಮೆಷಿನ್ನಿನ ಮೇಲಿಂದ ಕೈ ತೆಗೆದರು. ಆಗಲೇ ನಾನು ಗಮನಿಸಿದ್ದು. ಮೆಷಿನ್ನಿನ ಸೂಜಿಯಲ್ಲಿ ದಾರವೇ ಇರಲಿಲ್ಲ.

"ನೋಡ್ಬೇಕು ಅಂತ್ಲೇ ನೋಡ್ತಿದೀನಿ ಸಾರ್" ಎಂದರು ಮೆಲ್ಲಗೆ. "ನಿಮ್ಮ ಧ್ವನಿ ಎಲ್ಲಿಂದ ಬರ್ತದೋ ಅಲ್ಲಿಗೆ ತಿರುಗ್ತೀನಿ. ಮುಖ ಇರಬೇಕಾದ ಕಡೆ ಬರೀ ಮಬ್ಬು. ಎರಡು ವರ್ಷದಿಂದ ಹಿಂಗೆ. ಬೆಂಗಳೂರಲ್ಲಿ ತೋರಿಸಿದೆ. ದೃಷ್ಟಿ ಇನ್ನು ಬರಲ್ಲ ಅಂದ್ರು. ಹೋದ ಸಲ ಹೇಳ್ಬೇಕಿತ್ತು. ನಾಚಿಕೆ ಆಯ್ತು."

ಮಾವ ಮೆಟ್ಟಿಲು ಹತ್ತಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. 

"ಮೂರು ಜನ ಕೇಳಿಕೊಂಡು ಬಂದ್ರು ಸಾರ್" ಎಂದು ಸಾಹೇಬರೇ ಮುಂದುವರಿಸಿದರು. "ಐದು ನಿಮಿಷ ನೋಡಿ, ಕೊಡಿ ಅಂದ್ರು. ಕೊಡಲಿಲ್ಲ. ನೀವು ಒಂದೊಂದು ನಟ್ಟೂ ಮುಟ್ಟಿ ಕೇಳಿದ್ರಿ. ಇಷ್ಟು ಅನುಮಾನ ಪಡೋರು ಗಾಡೀನ ಚೆನ್ನಾಗಿ ನೋಡ್ಕೋತಾರೆ ಅಂದ್ಕೊಂಡೆ."

ತಮ್ಮ ಅನುಮಾನವನ್ನು ಯಾರಾದರೂ ಗುಣವೆಂದು ಹೇಳಿದ್ದು ಮಾವನ ಬದುಕಿನಲ್ಲಿ ಅದೇ ಮೊದಲಿರಬೇಕು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ನೋಟ್‌ಬುಕ್ಕು ತೆರೆದು ಹೋಲಿಕೆಯ ಪುಟವನ್ನು ಹೊಡೆದುಹಾಕಿದರು. ಮರುವಾರ ಮನೆಯ ಮುಂದೆ ಬಂದು ನಿಂತದ್ದು ದೌಲತ್ತಿನದು.

ಅತ್ತೆ ಕೆಂಪು ಸೀಟನ್ನು ಮೇಲಿಂದ ಕೆಳಗೆ ನೋಡಿದರು. "ಬೀಗದ ಪೆಟ್ಟಿಗೆ ಇರೋದು ಅಂತಿದ್ರಲ್ಲ?"

"ಬೀಗ ಹಾಕಿದ್ರೆ ಒಳಗೆ ಏನೋ ಇದೆ ಅಂತ ಕಳ್ಳನಿಗೆ ಅನುಮಾನ ಬರುತ್ತೆ" ಎಂದರು ಮಾವ.

ಮುಂದಿನ ತಿಂಗಳುಗಳಲ್ಲಿ ಗಾಡಿಗೆ ಆದ ಉಪಚಾರ ನಮ್ಮ ಮನೆಯ ಯಾವ ಬಾಣಂತಿಗೂ ಆಗಿರಲಿಕ್ಕಿಲ್ಲ. ಕಿಟಕಿಯ ಸರಳಿಗೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಪೆಟ್ರೋಲನ್ನು ಪಕ್ಕದ ಮನೆಯವರು ಕದಿಯುತ್ತಾರೆಂದು ಬಿದಿರಿನ ಕಡ್ಡಿಯೊಂದಕ್ಕೆ ಗೆರೆ ಕೊರೆದು ಬೆಳಿಗ್ಗೆ ಸಂಜೆ ಟ್ಯಾಂಕಿಗೆ ಇಳಿಸಿ ನೋಡುತ್ತಿದ್ದರು. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ವಾಪಸಾಗುತ್ತಿದ್ದರು. ಎಲ್ಲಿಗೆ ಎಂದರೆ, "ಇಲ್ಲೇ, ಗುಡಿ ಕಡೆ" ಎಂಬ ಉತ್ತರ.

ಆ ಕಡ್ಡಿಯೇ ಅವರಿಗೆ ಮುಳುವಾಯಿತು. ಅತ್ತೆ ಇಪ್ಪತ್ತು ವರ್ಷ ಇನ್ಸ್‌ಪೆಕ್ಟರ ಜೊತೆ ಸಂಸಾರ ಮಾಡಿದವರು. ಒಂದು ಭಾನುವಾರ ಮಾವ ವಾಪಸು ಬಂದು ಸ್ನಾನಕ್ಕೆ ಹೋದಾಗ ಕಡ್ಡಿ ಇಳಿಸಿ ನೋಡಿ ನನ್ನನ್ನು ಕರೆದರು. "ಗುಡಿಗೆ ಹೋಗಿ ಬಂದ್ರೆ ಅರ್ಧ ಗೆರೆ ಇಳೀಬೇಕು. ಇಲ್ಲಿ ನೋಡು, ಐದು ಗೆರೆ. ಅಂಗಿ ಬೆನ್ನಲ್ಲಿ ಅತ್ತರಿನ ವಾಸನೆ ಬೇರೆ. ಇನ್ನೂ ಕೇಳು. ಹಣ್ಣು ಮಾರೋಳು ಹೇಳಿದ್ಲು, ಮುಳಬಾಗಿಲಿನಾಚೆ ಬೈರಕೂರಿನ ಹತ್ರ ಇವರನ್ನ ನೋಡಿದ್ಲಂತೆ. ಹಿಂದೆ ಯಾರೋ ಕೂತಿದ್ರಂತೆ, ಭುಜದ ಮೇಲೆ ಕೈ ಇಟ್ಕೊಂಡು." ಅಷ್ಟು ಹೇಳಿ ಸೆರಗಿನ ತುದಿಯಲ್ಲಿ ಕಡ್ಡಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ನಗುತ್ತಿದ್ದ ನನಗೆ ನಗು ಅಲ್ಲಿಗೇ ನಿಂತುಹೋಯಿತು.

ಮುಂದಿನ ಸರದಿಯ ಭಾನುವಾರ ನಾನು ಬಸ್ಸಿನಲ್ಲಿ ಬೈರಕೂರಿಗೆ ಹೋದೆ. ಮಾವಿನ ಕಾಲ. ರಸ್ತೆ ಬದಿಯ ಟೀ ಅಂಗಡಿಯ ಮುಂದೆ ಕೆಂಪು ಸೀಟು ಬಸ್ಸಿನಿಂದಲೇ ಕಾಣಿಸಿತು. ಬೆಂಚಿನ ಮೇಲೆ ಮಾವ, ಅವರ ಪಕ್ಕದಲ್ಲಿ ಸಾಹೇಬರು. ಸಾಹೇಬರ ಕೈಯಲ್ಲಿ ಟೀ ಲೋಟ ಸರಿಯಾಗಿ ಕೂತಿದೆಯೇ ಎಂದು ಮಾವ ತಮ್ಮ ಬೆರಳು ಒತ್ತಿ ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಹುಬ್ಬು ಗಂಟಿಕ್ಕಿದರು.

"ನಿನ್ನ ಯಾರೇ ಕಳಿಸಿದ್ದು?"

"ಯಾರೂ ಇಲ್ಲ ಮಾವ. ಮಾವಿನ ಹಣ್ಣಿಗೆ ಬಂದೆ."

"ಕೋಲಾರದಲ್ಲಿ ಸಿಗಲ್ವಾ?" ಎಂದವರು, ಸಾಹೇಬರು ನಕ್ಕದ್ದನ್ನು ಕೇಳಿ ವಿಚಾರಣೆಯನ್ನು ಅಲ್ಲಿಗೇ ಬಿಟ್ಟರು. "ಇವರಿಗೆ ಎಂಜಿನ್ ಸದ್ದು ಕೇಳಿಸ್ಬೇಕಿತ್ತು. ಎಲ್ಲಿ ಕೆಟ್ಟಿದೆ ಅಂತ ಸದ್ದಲ್ಲೇ ಹೇಳ್ತಾರೆ. ಮೆಕ್ಯಾನಿಕ್ಕುಗಳೆಲ್ಲ ಕಳ್ಳರು" ಎಂದರು, ನಾನು ಕೇಳದಿದ್ದರೂ.

"ಸುಳ್ಳು ಬೇಟಿ" ಎಂದರು ಸಾಹೇಬರು. "ಗಾಡಿ ಯಾವತ್ತೂ ಕೆಟ್ಟಿಲ್ಲ. ನನ್ನ ತಿರುಗಾಡಿಸಕ್ಕೆ ಬರ್ತಾರೆ. ದಾರೀಲಿ ಏನೇನು ಕಾಣ್ತದೋ ಎಲ್ಲ ಹೇಳ್ತಾ ಓಡಿಸ್ತಾರೆ. ಕುರಿ ಮಂದೆ ಬಂದ್ರೆ ಎಷ್ಟು ಕುರಿ ಅಂತ ಎಣಿಸಿ ಹೇಳ್ತಾರೆ."

ಮಾವ ಮುಖ ಆ ಕಡೆ ತಿರುಗಿಸಿಕೊಂಡರು.

ಟೀ ಮುಗಿಯಿತು. ಸಾಹೇಬರು ರಸ್ತೆಯ ಕಡೆ ತಿರುಗಿ ಕೇಳಿದರು. "ಸಾರ್, ಇಲ್ಲಿಂದ ಮುಂದಕ್ಕೆ ಎರಡೂ ಕಡೆ ಹುಣಸೆ ಮರದ ಸಾಲು ಇತ್ತಲ್ಲ? ಮದುವೆ ಆದ ಹೊಸತರಲ್ಲಿ ಮನೆಯವಳನ್ನ ಸೈಕಲ್ ಮೇಲೆ ಅದರ ಕೆಳಗೇ ಕರ್ಕೊಂಡು ಹೋಗ್ತಿದ್ದೆ. ಈಗ ಹೇಗಿದಾವೆ?"

ನಾನು ರಸ್ತೆ ನೋಡಿದೆ. ಅಗಲ ಮಾಡುವುದಕ್ಕೆಂದು ಅಷ್ಟೂ ಮರಗಳನ್ನು ಕಡಿದಿದ್ದರು. ಉದ್ದಕ್ಕೂ ಬೊಡ್ಡೆಗಳು, ಅದರಾಚೆ ಬೆಳ್ಳಗೆ ಉರಿಯುವ ಬಿಸಿಲು. ಮಾವನೂ ನೋಡಿದರು. ಕಾಲು ಗುಂಜಿ ತೂಕದ ವ್ಯತ್ಯಾಸವನ್ನೂ ಬಿಟ್ಟುಕೊಡದ ನಮ್ಮ ಮಾವ ನನ್ನ ಕಡೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟರು.

"ಹಂಗೇ ಇದಾವೆ ಸಾಹೇಬ್ರೇ" ಎಂದರು. "ಈಗ ಹೂ ಬಿಟ್ಟಿದಾವೆ."

ಸಾಹೇಬರು ಬೆಂಚನ್ನು ತಡವಿ ಖಾಲಿ ಲೋಟ ಇಟ್ಟರು. "ಹಂಗಿದ್ರೆ ಅದರ ಕೆಳಗೆ ಒಂಚೂರು ನಿಧಾನ ಹೋಗಿ ಸಾರ್."

ಮಾವ ಅವರ ಕೈ ಹಿಡಿದು ಸೀಟಿನ ಮೇಲೆ ಕೂರಿಸಿದರು, ತಾವೂ ಕೂತು ಗಾಡಿ ಎಬ್ಬಿಸಿದರು. ಅದು ಆ ಬೊಡ್ಡೆಗಳ ನಡುವೆ ನಡೆಯುವವರಿಗಿಂತ ನಿಧಾನವಾಗಿ ಸಾಗಿತು. ಸ್ವಲ್ಪ ದೂರ ಹೋದ ಮೇಲೆ ಸಾಹೇಬರು ಒಂದು ಕೈಯನ್ನು ಮಾವನ ಭುಜದಿಂದ ತೆಗೆದು, ನೆರಳಿಗೆ ಬಂದವರ ಹಾಗೆ, ತಲೆಯ ಮೇಲಿನ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.